ಪಾದ್ರಿ ಗೆರೆ ಮುಟ್ಟಿದ ಶನಿವಾರ

ಬೆಳಗ್ಗೆ ಏಳಕ್ಕೆ ಫೋನ್ ಬಡಿದುಕೊಂಡಾಗ ಡೆಲ್ಫಾ ಪ್ರೆಸ್ನೆಲ್ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದು ಕಂಬಳಿಹುಳಕ್ಕೆ ಎಲೆ ತಿನ್ನಿಸುತ್ತಿದ್ದಳು. ಆ ಹೊತ್ತಿಗೆ ಟಾಲಿವರ್ ಗ್ಯಾಪ್‌ನ ಅರ್ಧ ಮನೆಗಳಲ್ಲಿ ಅದೇ ಕೆಲಸ ನಡೆದಿತ್ತು. ಅಕ್ಟೋಬರಿನ ಮೂರನೆಯ ಶನಿವಾರ ಅಂದರೆ ಆ ಬೆಟ್ಟದೂರಿಗೆ ಕಂಬಳಿಹುಳದ ಹಬ್ಬ. ಹುಳಗಳು ದಾರ ಹತ್ತಬೇಕು. ಎಲ್ಲಕ್ಕಿಂತ ಮೊದಲು ಹತ್ತಿದ ಹುಳದ ಮೈಮೇಲಿನ ಹದಿಮೂರು ಪಟ್ಟೆಗಳನ್ನು ನೋಡಿ, ಬರುವ ಚಳಿಗಾಲದ ಹದಿಮೂರು ವಾರ ಹೇಗಿರುತ್ತವೆಂದು ಮೈಕಿನಲ್ಲಿ ಸಾರುತ್ತಾರೆ. ಕಪ್ಪು ಪಟ್ಟೆಗೆ ಹಿಮ, ಕಂದು ಪಟ್ಟೆಗೆ ಬಿಸಿಲು.

ಹತ್ತೊಂಬತ್ತು ವರ್ಷದಿಂದ ಡೆಲ್ಫಾ ಹುಳ ಓಡಿಸುತ್ತಿದ್ದಳು. ಒಂದು ಸಲವೂ ಎರಡನೆಯ ಸುತ್ತು ದಾಟಿರಲಿಲ್ಲ. ಅವಳ ಹುಳಗಳು ಅರ್ಧ ದಾರದಲ್ಲಿ ಸುರುಳಿ ಸುತ್ತಿಕೊಂಡು ನಿದ್ದೆ ಹೋಗುತ್ತಿದ್ದವು, ಇಲ್ಲವೆ ತಿರುಗಿ ಕೆಳಗಿಳಿಯುತ್ತಿದ್ದವು. ಒಂದು ವರ್ಷದ್ದು ಪಕ್ಕದ ದಾರಕ್ಕೆ ದಾಟಿ ಅಲ್ಲಿನ ಹುಳದ ಬೆನ್ನಿನ ಮೇಲೆ ಮಲಗಿಬಿಟ್ಟಿತ್ತು. ಅದೇ ಬೀದಿಯ ಕೊನೆಯ ಮನೆಯ ವರ್ಡಾ ಟ್ರಿವೆಟ್ ಎರಡು ಸಲ ಗೆದ್ದಿದ್ದಳು. ಗೆದ್ದ ಎರಡು ಫಲಕಗಳನ್ನೂ ಮುಂಬಾಗಿಲ ಗಾಜಿಗೆ, ರಸ್ತೆಯವರಿಗೆ ಕಾಣುವಂತೆ ಆನಿಸಿಟ್ಟಿದ್ದಳು. ಶಾಲೆಯ ಬಸ್ ಓಡಿಸುವ ಡೆಲ್ಫಾ ದಿನಕ್ಕೆ ನಾಲ್ಕು ಸಲ ಆ ಬಾಗಿಲ ಮುಂದೆ ಹಾಯಬೇಕಿತ್ತು.

ಆದರೆ ಈ ವರ್ಷದ ಹುಳದ ಕಥೆಯೇ ಬೇರೆ. ಸೆಪ್ಟೆಂಬರಿನಲ್ಲಿ ಅದು ತಾನಾಗಿಯೇ ಬಸ್ಸಿನ ಮೆಟ್ಟಿಲು ಹತ್ತಿ ಬಂದಿತ್ತು. ಪೊರಕೆಯ ಕೋಲು ನಿಲ್ಲಿಸಿದರೆ ಒಂದೇ ಉಸಿರಿಗೆ ತುದಿ ಸೇರುತ್ತಿತ್ತು. ಹಿಂದೆ ಮುಂದೆ ಕಪ್ಪು, ನಡುವೆ ಸಣ್ಣ ಕಂದು ಪಟ್ಟಿ. ಕಪ್ಪು ಕೋಟು ತೊಟ್ಟವರ ಹಾಗಿದೆಯೆಂದು ಅದಕ್ಕೆ ‘ಪಾದ್ರಿ’ ಎಂದು ಹೆಸರಿಟ್ಟಿದ್ದಳು.

ಫೋನ್ ಮಾಡಿದವಳು ಹಬ್ಬದ ಸಮಿತಿಯ ಮುಖ್ಯಸ್ಥೆ ಲೊರೀನ್ ಟೀಗ್.

“ಡೆಲ್ಫಾ, ಮೊದಲೇ ಹೇಳ್ತೀನಿ, ಬಯ್ಯಬೇಡ,” ಅಂದಳು. “ಹೋಬರ್ಟ್ ಬ್ಯಾನರ್ ಕಟ್ಟೋಕೆ ಹೋಗಿ ಏಣಿಯಿಂದ ಬಿದ್ದ. ಕಾಲು ಊದಿ ಕುಂಬಳಕಾಯಿ ಆಗಿದೆ. ಯಾವ ಹುಳ ಮೊದ್ಲು ಮೇಲಿನ ಗೆರೆ ಮುಟ್ತು ಅಂತ ನೋಡೋಕೆ ಯಾರೂ ಇಲ್ಲ.”

“ಅಯ್ಯೋ ಪಾಪ. ಯಾರನ್ನ ಹಾಕ್ತೀಯಾ ಮತ್ತೆ?”

“ಅದಕ್ಕೇ ನಿಂಗೆ ಫೋನ್ ಮಾಡಿದ್ದು.”

“ಲೊರೀನ್, ಬೇಡ. ಬೇಡ ಅಂದೆ. ಗೆರೆ ನೋಡೋರು ಹುಳ ಓಡಿಸೋ ಹಾಗಿಲ್ಲ, ನಿಂಗೊತ್ತು.”

“ಗೊತ್ತು ಕಣೇ. ಆದ್ರೆ ನೀನು ಕೈಯೆತ್ತಿದ್ರೆ ಊರಲ್ಲಿ ಯಾರೂ ತುಟಿ ಬಿಚ್ಚಲ್ಲ. ಬೇರೆ ಯಾರನ್ನ ನಿಲ್ಲಿಸಿದ್ರೂ ಜಗಳ ಆಗುತ್ತೆ. ಹುಳಾನ ನಿಮ್ಮ ಮನೆಯೋರು ಯಾರಾದ್ರೂ ಓಡಿಸ್ಲಿ. ಎಂಟೂವರೆಗೆ ಬಂದ್ಬಿಡು, ನನ್ನ ಬಂಗಾರ.” ಫೋನ್ ಇಟ್ಟಳು.

ಡೆಲ್ಫಾ ರಿಸೀವರನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಗಂಡ ರೇಬರ್ನ್ ಹಬ್ಬದ ಮೈದಾನದಲ್ಲಿ ಅಗ್ನಿಶಾಮಕ ದಳದವರು ಹಾಕಿದ ಅಂಗಡಿಯಲ್ಲಿ ಹಂದಿಮಾಂಸ ಬೇಯಿಸಲು ಬೆಳಗಿನ ಜಾವವೇ ಹೋಗಿದ್ದ. ಇನ್ನು ಮನೆಯಲ್ಲಿ ಉಳಿದವರು ಅತ್ತೆ ಓಮಾ ಒಬ್ಬರೇ. ಎಂಬತ್ತನಾಲ್ಕು ವರ್ಷ. ಮೂರು ವರ್ಷದಿಂದ ಹಿಂದಿನ ಕೋಣೆಯಲ್ಲಿದ್ದರು. ಈ ಹಬ್ಬವೆಂದರೆ ಮೂಗು ಮುರಿಯುವವರು.

ಡೆಲ್ಫಾ ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ಅಳುವುದು ಕೇಳಿಸಬಾರದೆಂದು ಬಿಟ್ಟದ್ದು, ಆದರೆ ಓಮಾಗೆ ಕಿವಿ ಚೆನ್ನಾಗಿತ್ತು.

“ಏನು, ಯಾರಾದ್ರೂ ಸತ್ರಾ?” ಬಾಗಿಲಲ್ಲಿ ನಿಂತು ಕೇಳಿದರು.

ಡೆಲ್ಫಾ ಹೇಳಿದಳು.

“ಇಷ್ಟಕ್ಕಾ? ನಮ್ಮ ಕಾಲದಲ್ಲಿ ಆ ಹುಳ ಕಂಡ್ರೆ ಚಪ್ಪಲೀಲಿ ಒರೆಸ್ತಿದ್ವಿ. ಕೊಡು ಇಲ್ಲಿ. ನಾನು ಓಡಿಸ್ತೀನಿ.”

“ನೀವಾ?”

“ಯಾಕೆ, ಹುಳ ತಾನೇ ಹತ್ತೋದು? ನಾನು ಹತ್ತಬೇಕಾ?”

ಬೇಡವೆನ್ನಲು ಡೆಲ್ಫಾಗೆ ದಾರಿಯಿರಲಿಲ್ಲ. ದಾರಿಯುದ್ದಕ್ಕೂ ಹೇಳಿಕೊಟ್ಟಳು. ಶುರುವಾದ ಮೇಲೆ ಹುಳ ಮುಟ್ಟಬಾರದು, ದಾರ ಮುಟ್ಟಬಾರದು. ಪಾನಕ ಹೀರುವ ಕೊಳವೆಯಿಂದ ಹುಳಕ್ಕೆ ಗಾಳಿ ಊದಬಹುದು, ಕೂಗಬಹುದು, ಹಾಡಬಹುದು. ಪಾದ್ರಿಗೆ ಹಿಂದಿನಿಂದ ಮೆತ್ತಗೆ ಊದಿದರೆ ಸಾಕು, ಜೋರಾಗಿ ಊದಿದರೆ ಮುದುರಿಕೊಳ್ಳುತ್ತದೆ. ಓಮಾ ಉಣ್ಣೆಯ ಕೈಗವಸು ಹಾಕಿಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. “ಕೇಳಿಸ್ತಾ ಇದೆಯಾ ಅತ್ತೆ?” ಅಂದರೆ, “ನಾನು ಆರು ಮಕ್ಕಳನ್ನ ಸಾಕಿದೋಳು, ಒಂದು ಹುಳ ಸಾಕಕ್ಕಾಗಲ್ವಾ?” ಅಂದರು.

ಶಾಲೆಯ ಮೈದಾನ ಒಂಬತ್ತಕ್ಕೆಲ್ಲ ತುಂಬಿತ್ತು. ಸೇಬು ತುಂಬಿದ ಕರಿದ ಕಡುಬಿನ ವಾಸನೆ, ಬ್ಯಾಂಜೊ ವಾದ್ಯದ ಸದ್ದು, ಮೇಪಲ್ ಮರಗಳಿಂದ ಉದುರಿ ಕಾಲಿಗೆ ತೊಡರುವ ಕೆಂಪೆಲೆ. ನಡುವೆ ಎತ್ತರದ ಹಲಗೆ, ಅದರ ಮೇಲಿಂದ ಇಳಿಬಿಟ್ಟ ಇಪ್ಪತ್ತು ದಾರ. ಡೆಲ್ಫಾ ಹಲಗೆಯ ಪಕ್ಕದ ಪೆಟ್ಟಿಗೆಯ ಮೇಲೆ, ಒಂದು ಕೈಯಲ್ಲಿ ಗೆಲುವಿನ ಬಿಳಿ ಬಾವುಟ, ಇನ್ನೊಂದರಲ್ಲಿ ತಪ್ಪಿನ ಕೆಂಪು ಬಾವುಟ ಹಿಡಿದು ನಿಂತಳು.

ಮೊದಲ ಸುತ್ತು ಶುರುವಾಯಿತು. ಓಮಾ ಊದುತ್ತಿರಲಿಲ್ಲ. ಕೊಳವೆಯನ್ನು ಬಾಯಿಗೆ ಇಡಲೇ ಇಲ್ಲ. ದಾರದ ಹತ್ತಿರ ಬಗ್ಗಿ ಹುಳವನ್ನು ಬಯ್ಯುತ್ತಿದ್ದರು. “ಹತ್ತೋ ಸೋಮಾರಿ! ಏನು, ಭಾನುವಾರದ ಪ್ರವಚನ ಅನ್ಕೊಂಡ್ಯಾ, ಎಳೀತಾ ಕೂರೋಕೆ?” ಜನ ನಕ್ಕರು. ಊರಿನ ನಿಜವಾದ ಪಾದ್ರಿಯೂ ಕಡುಬು ತಿನ್ನುತ್ತ ಅಲ್ಲೇ ನಿಂತಿದ್ದರು, ಅವರೂ ನಕ್ಕರು. ಊದಿ ಅತ್ತೆ, ಹಿಂದಿನಿಂದ ಊದಿ ಎಂದು ಕೂಗಲು ಡೆಲ್ಫಾಗೆ ನಾಲಿಗೆ ತುರಿಸಿತು. ಗೆರೆ ನೋಡುವವಳು ಬಾಯಿ ಬಿಡುವಂತಿಲ್ಲ.

ಬೈಸಿಕೊಂಡ ಹುಳ ಎಲ್ಲಕ್ಕಿಂತ ಮೊದಲು ಗೆರೆ ಮುಟ್ಟಿತು.

ಎರಡನೆಯ ಸುತ್ತಿನಲ್ಲೂ ಅದೇ. ಹತ್ತೊಂಬತ್ತು ವರ್ಷ ತಾನು ಊದಿದ್ದು, ಹಾಡಿದ್ದು, ಬೇಡಿಕೊಂಡಿದ್ದು ಡೆಲ್ಫಾಗೆ ನೆನಪಾಯಿತು. ಬೈದರೆ ಸಾಕಿತ್ತೆ? ಮಧ್ಯಾಹ್ನ ರೇಬರ್ನ್ ಕಾಗದದ ತಟ್ಟೆಯಲ್ಲಿ ಮಾಂಸ ತಂದುಕೊಟ್ಟು, “ಅಮ್ಮ ಊರನ್ನೇ ಗೆಲ್ತಿದಾಳೆ ನೋಡು!” ಅಂದ. “ಹುಳ ನಂದು,” ಅಂದಳು ಡೆಲ್ಫಾ. “ಅದೇ, ಅದೇ,” ಅಂದು ಅವನು ನಗುತ್ತ ಹೋದ.

ಮೂರು ಗಂಟೆಗೆ ಕೊನೆಯ ಸುತ್ತು. ಹತ್ತು ಹುಳ. ಮೂರನೆಯ ದಾರದಲ್ಲಿ ವರ್ಡಾ ಟ್ರಿವೆಟ್‌ಳದು, ಡೆಲ್ಫಾಗೆ ಚೆನ್ನಾಗಿ ಕಾಣುವ ಏಳನೆಯದರಲ್ಲಿ ಪಾದ್ರಿ. ಓಮಾ ಬೆಳಗಿನಿಂದ ನಿಂತು ಸುಸ್ತಾಗಿದ್ದರು, ಮುಖ ಬಿಳಿಚಿತ್ತು. ಹುಳವನ್ನು ದಾರಕ್ಕೆ ಹಚ್ಚಲು ಬಲಗೈಯ ಉಣ್ಣೆಗವಸು ಕಳಚಿದ್ದವರು ಮತ್ತೆ ಹಾಕಿಕೊಂಡಿರಲಿಲ್ಲ.

ಲೊರೀನ್ ಗಂಟೆ ಹೊಡೆದಳು. ಪಾದ್ರಿ ಓಡಿತು. ಅರ್ಧ ದಾರ ದಾಟಿತು, ಮುಕ್ಕಾಲು ದಾಟಿತು. ವರ್ಡಾಳ ಹುಳ ಒಂದು ಗೇಣು ಹಿಂದಿತ್ತು. ಗೆರೆಗೆ ಎರಡು ಬೆರಳಗಲ ಉಳಿದಾಗ ಪಾದ್ರಿ ನಿಂತುಬಿಟ್ಟಿತು.

“ಹತ್ತೋ,” ಅಂದರು ಓಮಾ. ಈಗ ಬೈಗುಳ ಇರಲಿಲ್ಲ. “ಹತ್ತಪ್ಪಾ.”

ಹುಳ ತಲೆ ಆಚೀಚೆ ಆಡಿಸಿತು. ವರ್ಡಾಳದು ಸಮಸಮಕ್ಕೆ ಬಂತು. ಆಗ ಓಮಾ ಮೊದಲ ಸಲ ಕೊಳವೆಯನ್ನು ಮೇಲೆತ್ತಿದರು. ಎತ್ತಿದ ಕೈಯ ತೋರುಬೆರಳು ದಾರಕ್ಕೆ ತಾಗಿತು. ಒಂದು ಸಲವಲ್ಲ, ಟಕಟಕನೆ ಮೂರು ಸಲ. ದಾರ ನಡುಗಿತು. ಬೆಚ್ಚಿದ ಹುಳ ಮೇಲಕ್ಕೆ ನುಗ್ಗಿ ಗೆರೆ ದಾಟಿತು.

ಜನ ಹೋ ಎಂದು ಕೂಗಿದರು. ಓಮಾರ ಅಗಲ ಕೋಟಿನ ಬೆನ್ನು ಮರೆಯಾಗಿದ್ದರಿಂದ ಬೆರಳು ಯಾರಿಗೂ ಕಂಡಿರಲಿಲ್ಲ. ಪೆಟ್ಟಿಗೆಯ ಮೇಲೆ ನಿಂತವಳಿಗೆ ಮಾತ್ರ ಕಂಡಿತ್ತು.

ಹತ್ತೊಂಬತ್ತು ವರ್ಷ ಎಂದುಕೊಂಡಳು ಡೆಲ್ಫಾ. ಬಿಳಿ ಬಾವುಟದ ಕೈ ಅರ್ಧಕ್ಕೆ ಎದ್ದಿತ್ತು. ನೀನು ಕೈಯೆತ್ತಿದರೆ ಯಾರೂ ತುಟಿ ಬಿಚ್ಚಲ್ಲ ಅಂದಿದ್ದಳಲ್ಲ ಲೊರೀನ್, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆ ಕೈ ಇಳಿಸಿ ಕೆಂಪು ಬಾವುಟ ಎತ್ತಿದಳು.

“ಏಳನೇ ದಾರ ಅನರ್ಹ,” ಅಂದಳು. ಕೂಗಾಟದಲ್ಲಿ ಕೇಳಿಸದೆ ಎರಡನೆಯ ಸಲ ಹೇಳಬೇಕಾಯಿತು. “ದಾರ ಮುಟ್ಟಿದ್ದಾರೆ. ಮೂರನೇ ದಾರ ಗೆದ್ದಿದೆ.”

ಮೈದಾನದಲ್ಲಿ ಗದ್ದಲವೆದ್ದಿತು. ವರ್ಡಾ ಕಿರುಚಿ ಕುಣಿದಳು. ಓಮಾ ಬಲಗೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಸೊಸೆಯನ್ನೇ ನೋಡುತ್ತ ನಿಂತಿದ್ದರು.

“ಆಯ್ತಾ ನಿಂಗೆ ಸಮಾಧಾನ?” ಅಂದರು.

ಲೊರೀನ್ ವರ್ಡಾಳ ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಪಟ್ಟೆ ಎಣಿಸಿದಳು. ಮೊದಲ ನಾಲ್ಕು ವಾರ ಹಿಮ, ಆಮೇಲೆ ಆರು ವಾರ ಹಿತ, ಕೊನೆಗೆ ಮತ್ತೆ ಮೂರು ವಾರ ಹಿಮ. ಜನ ಚಪ್ಪಾಳೆ ತಟ್ಟಿದರು. ಡೆಲ್ಫಾ ಪೆಟ್ಟಿಗೆಯಿಂದ ಇಳಿಯುವಾಗ ರೇಬರ್ನ್ ಏಪ್ರನ್ನಿನಲ್ಲೇ ಓಡಿಬಂದ.

“ಕಣ್ಣು ಮಿಟುಕಿಸಿದ್ದೆ ಅಂದ್ಕೊಂಡು ಬಿಟ್ಟುಬಿಡೋಕಾಗ್ತಿರ್ಲಿಲ್ವಾ? ಎಂಬತ್ನಾಲ್ಕು ವರ್ಷದ ಮುದುಕಿ ಕಣೇ ಅವಳು. ಊರೆಲ್ಲಾ ನೋಡ್ತಿತ್ತು.”

“ಊರು ನೋಡ್ಲಿಲ್ಲ. ನಾನು ನೋಡ್ದೆ. ಅದೇ ನನ್ನ ಕರ್ಮ.”

ಅವನು ತಿರುಗಿ ಒಲೆಯ ಕಡೆ ನಡೆದ.

ಡೆಲ್ಫಾ ಅತ್ತೆಯನ್ನು ಟ್ರಕ್ಕಿನಲ್ಲಿ ಮನೆಗೆ ಕರೆತಂದಳು. ಮನೆಯ ಮುಂದೆ ಗಾಡಿ ನಿಲ್ಲಿಸಿದರೂ ಓಮಾ ಇಳಿಯಲಿಲ್ಲ. ಡೆಲ್ಫಾ ಕಾದಳು. ಎರಡು ನಿಮಿಷ, ಮೂರು ನಿಮಿಷ. ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಒಮ್ಮೆಗೇ ಹೊರಬಂತು.

“ಬೆಳಗ್ಗೆಯಿಂದ ಹೇಳ್ದೆ ದಾರ ಮುಟ್ಟಬೇಡಿ ಅಂತ! ಒಂದೇ ಒಂದು ಮಾತು! ನನ್ನ ಹುಳ, ಅದೂ ನಾನೇ ಗೆರೆ ನೋಡ್ತಾ ನಿಂತಿರುವಾಗ! ಊರ ಮುಂದೆ ನನ್ನ ಕೈಯಿಂದಾನೇ ನಿಮ್ಮ ಮಾನ ತೆಗೆಸಿದ್ರಲ್ಲಾ ಅತ್ತೆ. ಆ ಫಲಕಾನೂ ವರ್ಡಾ ಬಾಗಿಲಿಗೆ ಕೂರುತ್ತೆ. ಮೂರು! ಇನ್ನು ನಾನು ದಿನಾ ಮೂರು ನೋಡ್ಕೊಂಡು ಓಡಾಡ್ಬೇಕು! ಅಷ್ಟು ಗೆಲ್ಲಲೇಬೇಕಿತ್ತಾ ನಿಮಗೆ?”

ಓಮಾ ಜೇಬಿನಿಂದ ಕೈ ತೆಗೆದು ಮುಂದಕ್ಕೆ ಚಾಚಿದರು. ಕೈ ನಡುಗುತ್ತಿತ್ತು. ಚಳಿಯ ನಡುಕವಲ್ಲ. ಹೆಬ್ಬೆರಳೂ ತೋರುಬೆರಳೂ ಕಾಣದ ಏನನ್ನೋ ಉಂಡೆ ಮಾಡುವಂತೆ ಒಂದಕ್ಕೊಂದು ತಿಕ್ಕಾಡುತ್ತಿದ್ದವು. ಓಮಾ ಅದನ್ನು ಬೇರೆಯವರ ಕೈಯೆಂಬಂತೆ ನೋಡುತ್ತಿದ್ದರು.

“ನಾನು ಮುಟ್ಲಿಲ್ಲ,” ಅಂದರು. “ಇದು ಮುಟ್ಟಿತು.”

ಡೆಲ್ಫಾ ಇಂಜಿನ್ ಆರಿಸಿದಳು.

“ಯಾವಾಗಿಂದ?”

“ಈಸ್ಟರ್ ಹಿಂದೆಮುಂದೆ.”

ಬೇಸಿಗೆಯಲ್ಲಿ ಅತ್ತೆ ಕೌದಿ ಹೊಲಿಯುವುದನ್ನು ಬಿಟ್ಟಿದ್ದು ಡೆಲ್ಫಾಗೆ ನೆನಪಾಯಿತು. ಕಣ್ಣು ಮಂಜು ಅಂದಿದ್ದರು. ಕಾಫಿಯನ್ನು ಅರ್ಧ ಕಪ್ಪಿಗಿಂತ ಹೆಚ್ಚು ಬೇಡವೆನ್ನುತ್ತಿದ್ದರು. ಕೋಟಿನ ಗುಂಡಿ ಹಾಕಿಕೊಡು ಎಂದು ರೇಬರ್ನನನ್ನು ಕರೆಯುತ್ತಿದ್ದರು. ಮಗನಿಂದ ಸೇವೆ ಮಾಡಿಸಿಕೊಳ್ಳುವ ಚಟವೆಂದು ತಾನು ಹಲ್ಲು ಕಡಿದದ್ದೂ ನೆನಪಾಯಿತು. ಬೆಳಗ್ಗೆ ಕೊಳವೆಯನ್ನು ಬಾಯಿಗಿಡದೆ ಇದ್ದದ್ದು ಹಟಕ್ಕಲ್ಲ. ಕೈಯೆತ್ತಿದರೆ ನಡುಕ ಜನಕ್ಕೆ ಕಾಣುತ್ತಿತ್ತು.

“ಯಾಕೆ ಹೇಳ್ಲಿಲ್ಲ?” ಡೆಲ್ಫಾಳ ಸಿಟ್ಟು ಇಳಿಯಲಿಲ್ಲ. ಎಲ್ಲಿ ಇಳಿಸಬೇಕೆಂದು ತಿಳಿಯದೆ ಅದು ಇನ್ನೂ ಏರಿತು. “ಒಂದೇ ಮನೇಲಿ ಇದೀವಿ! ಹೇಳಿದ್ರೆ ನಿಮ್ಮನ್ನ ಅಲ್ಲಿ ನಿಲ್ಲಿಸ್ತಿದ್ನಾ?”

“ಅದಕ್ಕೇ ಹೇಳ್ಲಿಲ್ಲ.” ಓಮಾ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದರು. “ನಿಂಗೋಸ್ಕರ ಅಂತ ಅನ್ಕೋಬೇಡ. ಆ ವರ್ಡಾ ಎದೆ ಸೆಟೆಸ್ಕೊಂಡು ನಡೆಯೋದು ನೋಡಿ ನೋಡಿ ನಂಗೂ ಸಾಕಾಗಿತ್ತು.” ಕಿಟಕಿಯ ಕಡೆ ತಿರುಗಿ, “ನಲ್ಲಿ ಬಿಟ್ಕೊಂಡು ಅತ್ರೆ ಕೇಳಿಸಲ್ಲ ಅನ್ಕೊಂಡಿದೀಯಾ?” ಅಂದರು.

ಡೆಲ್ಫಾ ಸ್ಟಿಯರಿಂಗಿಗೆ ಹಣೆ ಹಚ್ಚಿದಳು.

“ಯಾರಿಗೂ ಹೇಳಕೂಡದು,” ಅಂದರು ಓಮಾ. “ರೇಬರ್ನ್‌ಗೂ ಕೂಡದು. ಮಾತು ಕೊಡು.”

“ಅತ್ತೆ, ಊರಲ್ಲಿ ನಿಮ್ಮನ್ನ ಮೋಸಗಾತಿ ಅಂತಾರೆ.”

“ಅನ್ಲಿ. ಮೋಸಗಾತಿ ಅಂದ್ರೆ ಬೈತಾರೆ. ಕಾಯಿಲೆಯವಳು ಅಂದ್ರೆ ತಲೆ ಸವರ್ತಾರೆ. ನಂಗೆ ಬೈಗುಳಾನೇ ವಾಸಿ.”

ಡೆಲ್ಫಾ ಮಾತು ಕೊಟ್ಟಳು. ಮರುದಿನ ಪಾದ್ರಿಯನ್ನು ಸೌದೆಯ ಒಟ್ಟಿಲ ಕೆಳಗೆ ಒಣ ಎಲೆಯಲ್ಲಿ ಬಿಟ್ಟುಬಂದಳು. ಆಮೇಲಿನ ನಾಲ್ಕು ದಿನದಷ್ಟು ಉದ್ದದ ದಿನಗಳನ್ನು ಅವಳು ಜೀವನದಲ್ಲಿ ಕಂಡಿರಲಿಲ್ಲ.

ಭಾನುವಾರ ಚರ್ಚಿನಲ್ಲಿ ಪ್ರೆಸ್ನೆಲ್ ಕುಟುಂಬದ ಬೆಂಚಿನ ಹಿಂದೆ ಪಿಸುಮಾತು. ಸೋಮವಾರ ಬಸ್ಸಿನಲ್ಲಿ ಮಕ್ಕಳು, “ದಾರ ಮುಟ್ಟಿದ್ರೆ ಔಟು! ಅಜ್ಜಿ ಮುಟ್ಟಿದ್ರೂ ಔಟು!” ಎಂದು ಲಯ ಹಿಡಿದು ಕೂಗಿದರು. ವರ್ಡಾಳ ಬಾಗಿಲಲ್ಲಿ ಮೂರನೆಯ ಫಲಕ ಮಿಂಚುತ್ತಿತ್ತು. ಅಂಗಡಿಯಲ್ಲಿ ಒಬ್ಬಳು ಬೆನ್ನು ತಟ್ಟಿ, “ಅತ್ತೇನೂ ಬಿಡ್ಲಿಲ್ಲ ನೋಡು, ನಿನ್ನಂಥೋಳು ಸಿಗಲ್ಲ” ಅಂದಳು. ಇನ್ನೊಬ್ಬಳು ಅದೇ ಮಾತನ್ನು ಬೇರೆ ದನಿಯಲ್ಲಿ ಅಂದಳು. ಹೊಗಳಿಕೆ ಯಾವುದು, ಚುಚ್ಚುಮಾತು ಯಾವುದು ಎಂದು ಡೆಲ್ಫಾಗೆ ತಿಳಿಯದೆ ಹೋಯಿತು. ಎರಡಕ್ಕೂ ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು, ಆದರೆ ಅದನ್ನು ಆಡುವಂತಿರಲಿಲ್ಲ. ಮನೆಯಲ್ಲಿ ರೇಬರ್ನ್ ಅವಳೊಡನೆ ಉಪ್ಪು ಕೊಡು, ನೀರು ಕೊಡು ಅಷ್ಟೇ ಮಾತಾಡುತ್ತಿದ್ದ. ಕ್ಲಿನಿಕ್ಕಿಗೆ ಗುಟ್ಟಾಗಿ ಫೋನ್ ಮಾಡಿದರೆ, ನರರೋಗದ ಡಾಕ್ಟರರ ಸರದಿ ಐದು ವಾರಕ್ಕೆ ಎಂದರು. “ಅಷ್ಟರೊಳಗೆ ಯಾರಾದ್ರೂ ಬರದೆ ಹೋದ್ರೆ ಕರೀತೀವಿ.” ಆ ಕರೆ ಬರಲೇ ಇಲ್ಲ.

ಬುಧವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಎಂದಿನಂತೆ ಊಟ. ಬೀನ್ಸ್ ಸಾರು, ಜೋಳದ ಬ್ರೆಡ್ಡು, ಎಲೆಕೋಸು. ಬರುವುದೇ ಬೇಡವೆಂದಿದ್ದಳು ಡೆಲ್ಫಾ. “ನಾನು ಯಾರ ಮನೇಲಿ ಕದ್ದಿದೀನಿ, ಮನೇಲಿ ಕೂರೋಕೆ?” ಎಂದು ಓಮಾ ಕೋಟು ತೊಟ್ಟು ನಿಂತಿದ್ದರು. ಅವರು ಕೂತ ಮೇಜಿಗೇ ವರ್ಡಾ ಕಾಫಿ ಹೂಜಿ ಹಿಡಿದು ಬಂದಳು. ಆ ವಾರ ಬಡಿಸುವ ಸರದಿ ಅವಳದು.

“ಓಮಾ ದೊಡ್ಡಮ್ಮ, ಮುಂದಿನ ವರ್ಷಾನೂ ಓಡಿಸ್ತೀರಾ?” ಅಂದಳು, ಪಕ್ಕದ ಮೇಜಿಗೂ ಕೇಳುವ ಹಾಗೆ. “ನಾವು ಈಗ್ಲೇ ದಾರಕ್ಕೆ ಗಾಜಿನ ಪೆಟ್ಟಿಗೆ ಮಾಡಿಸ್ಬೇಕು, ಅದಕ್ಕೇ ಕೇಳಿದ್ದು.”

ಪಕ್ಕದ ಮೇಜು ನಕ್ಕಿತು. ರೇಬರ್ನ್ ತಲೆ ತಗ್ಗಿಸಿ ಬ್ರೆಡ್ಡು ಪುಡಿಮಾಡಿದ. ಡೆಲ್ಫಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

“ವರ್ಡಾ, ನಿಂಗೆ ಏನೂ ಗೊತ್ತಿಲ್ಲ—”

“ಕೂತ್ಕೋ,” ಅಂದರು ಓಮಾ.

“ಇಲ್ಲ ಅತ್ತೆ, ಸಾಕು ನಂಗೆ—”

“ಕೂತ್ಕೋ ಅಂದೆ. ಮಾತು ಕೊಟ್ಟೋಳು ನೀನು, ನಾನಲ್ಲ.” ಓಮಾ ತಮ್ಮ ಕಪ್ಪನ್ನು ಮುಂದಕ್ಕೆ ತಳ್ಳಿದರು. “ವರ್ಡಾ, ಕಾಫಿ ಹಾಕು. ಅರ್ಧ ಅಲ್ಲ, ಪೂರ್ತಿ.”

ವರ್ಡಾ ಕಪ್ಪು ತುಂಬಿಸಿದಳು. ಓಮಾ ಬಲಗೈಯಿಂದ ಅದನ್ನೆತ್ತಿದರು. ಕಾಫಿ ಮೊದಲು ತಟ್ಟೆಗೆ ಚೆಲ್ಲಿತು, ಆಮೇಲೆ ಬಿಳಿಯ ಮೇಜುಬಟ್ಟೆಗೆ, ಅವರ ತೋಳಿಗೆ. ಬಿಸಿಯಿತ್ತು. ಅವರು ಇಳಿಸಲಿಲ್ಲ. ಅರ್ಧ ಖಾಲಿಯಾಗುವವರೆಗೂ ಎಲ್ಲರಿಗೂ ಕಾಣುವಂತೆ ಹಿಡಿದಿದ್ದು ಆಮೇಲೆ ಕೆಳಗಿಟ್ಟರು.

“ದಾರ ಮುಟ್ಟಿದ್ದು ಈ ಕೈ,” ಅಂದರು. “ಈಸ್ಟರಿಂದ ನನ್ನ ಮಾತು ಕೇಳ್ತಿಲ್ಲ. ಬೈಯೋದಿದ್ರೆ ಇದಕ್ಕೆ ಬೈಯಿ. ನಾನಂತೂ ದಿನಾ ಬೈತೀನಿ.”

ರೇಬರ್ನ್ ತಾಯಿಯ ಕೈಯನ್ನೇ ನೋಡುತ್ತಿದ್ದ, ಆಮೇಲೆ ಹೆಂಡತಿಯ ಕಡೆ ನೋಡಿದ. ವರ್ಡಾಳ ಮುಖ ಕೆಂಪಾಗಿತ್ತು. ಹೂಜಿಯನ್ನು ಎಲ್ಲಿಡುವುದೆಂದು ತಿಳಿಯದೆ ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು.

“ದೊಡ್ಡಮ್ಮ, ನಂಗೆ... ಫಲಕ ತಂದುಕೊಡ್ತೀನಿ. ನಾಳೇನೇ.”

ಲೊರೀನ್ ಕೂಡ ಎದ್ದುಬಂದಳು. “ಹೌದು, ಸಮಿತಿ ಕೂತು ಮಾತಾಡ್ತೀವಿ. ಇಂಥದ್ದಕ್ಕೆ ಏನಾದ್ರೂ ವಿನಾಯ್ತಿ—”

“ಏನು ವಿನಾಯ್ತಿ?” ಓಮಾ ಗದರಿದರು. “ಮುಟ್ಟಿದ್ದು ಮುಟ್ಟಿದ್ದೇ. ನನ್ನ ಸೊಸೆ ನೋಡಿದಾಳೆ, ಬಾವುಟ ಎತ್ತಿದಾಳೆ, ಮುಗೀತು. ನೀನ್ಯಾರು ಇಳಿಸೋಕೆ? ವರ್ಡಾ, ಒಂದು ಬಟ್ಟೆ ತಗೊಂಬಾ. ಕಾಫಿ ಮೈಮೇಲೆ ಹರೀತಿದೆ.”

ಬಟ್ಟೆಗೆ ಕಾಯದೆ ಡೆಲ್ಫಾ ತನ್ನ ಕರವಸ್ತ್ರದಿಂದ ಅತ್ತೆಯ ತೋಳು ಒರೆಸಿದಳು. ಸುಟ್ಟ ಕಡೆ ಕೆಂಪಗಾಗಿತ್ತು. “ಇಷ್ಟು ಬಿಸಿ ಹಿಡ್ಕೊಂಡು ಕೂತಿದ್ರಲ್ಲ, ಹುಚ್ಚಾ ನಿಮಗೆ?” ಅಂದಳು. ನಾಲ್ಕು ದಿನ ಗಂಟಲಲ್ಲೇ ಕಟ್ಟಿಕೊಂಡಿದ್ದ ಮಾತು ಆಡುವ ಹೊತ್ತಿಗೆ ತನ್ನ ಬಾಯಿಂದಲೇ ಕಿತ್ತುಕೊಂಡರಲ್ಲ ಎಂದು ಅವಳಿಗೆ ಆಗಲೂ ರೇಗುತ್ತಿತ್ತು.

ಮರುದಿನ ಮಕ್ಕಳು ಬಸ್ಸಿನಲ್ಲಿ ಕೂಗಲಿಲ್ಲ. ಅದರ ಬದಲು ಊರಿನವರು ಮನೆಗೆ ಬರತೊಡಗಿದರು. ಪೈ ತಂದರು, ಸೂಪು ತಂದರು, ಹಿಂದಿನ ಕೋಣೆಯಲ್ಲಿ ಕೂತು ಓಮಾರ ತಲೆ ಸವರಿದರು. ಓಮಾ ಹೇಳಿದ್ದ ಹಾಗೆಯೇ ಆಯಿತು. ಮೂರನೆಯ ದಿನ ಅವರು ಒಳಗಿನಿಂದ ಚಿಲಕ ಹಾಕಿಕೊಂಡು, “ಸತ್ತಿಲ್ಲ ಅಂತ ಹೇಳಿ ಕಳಿಸು” ಅಂದರು. ಡೆಲ್ಫಾ ಹೊಸಿಲಲ್ಲಿ ನಿಂತು ಒಬ್ಬೊಬ್ಬರಿಗೂ ಸುಳ್ಳು ಹೇಳಿ ಕಳಿಸಿದಳು, ಪೈಗಳನ್ನು ಮಾತ್ರ ಇಟ್ಟುಕೊಂಡಳು. ರೇಬರ್ನ್ ಒಂದು ಬೆಳಗ್ಗೆ ಅವಳ ಬಸ್ಸಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ತಾನೇ ಕೆರೆದು ತೆಗೆದಿದ್ದ. ಕ್ಷಮಿಸು ಅನ್ನುವ ಮಾತು ಅವನಿಗೆ ಬರುತ್ತಿರಲಿಲ್ಲ.

ನವೆಂಬರಿನ ಕೊನೆಗೆ ಸರದಿ ಬಂತು. ಆ ದಿನ ಬಸ್ಸಿಗೆ ಬೇರೆ ಚಾಲಕನನ್ನು ಹಾಕಿಸಿ ಡೆಲ್ಫಾ ಅತ್ತೆಯನ್ನು ಟ್ರಕ್ಕಿನಲ್ಲಿ ಬೆಟ್ಟ ಇಳಿಸಿದಳು. ಡಾಕ್ಟರರು ಬೆರಳು ಬಡಿಯಿರಿ ಅಂದರು, ನಡೆಯಿರಿ ಅಂದರು, ತಿರುಗಿ ಅಂದರು. ಕಾಯಿಲೆಗೆ ಹೆಸರು ಹೇಳಿದರು. ವಾಸಿಯಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರಬಹುದು, ದಿನಕ್ಕೆ ಮೂರು, ಊಟಕ್ಕೆ ಮೊದಲು. ಓಮಾ ಎಲ್ಲವನ್ನೂ ಕೇಳಿಸಿಕೊಂಡು, “ಕೌದಿ ಹೊಲೀಬಹುದಾ?” ಎಂದಷ್ಟೇ ಕೇಳಿದರು. ನೋಡೋಣ ಅಂದರು ಡಾಕ್ಟರರು.

ವಾಪಸು ಬರುವಾಗ ಹಿಮ ಬೀಳತೊಡಗಿತು. ತಿರುವುಗಳಲ್ಲಿ ಡೆಲ್ಫಾ ನಿಧಾನವಾಗಿ ಓಡಿಸಿದಳು.

“ಮಾತ್ರೆ ಮರೆತ್ರೆ ನೆನಪಿಸ್ತೀನಿ,” ಅಂದಳು.

“ನೆನಪಿಸ್ದೆ ಬಿಡ್ತೀಯಾ ನೀನು.” ಓಮಾ ಸೀಟಿನ ಅಂಚು ಹಿಡಿದುಕೊಂಡರು. “ಬ್ರೇಕು ಒತ್ತೋದು ನೋಡು. ಪಾಪ, ಮಕ್ಕಳನ್ನೂ ದಿನಾ ಹೀಗೇ ಕುಲುಕಾಡಿಸ್ತೀಯಾ?”

“ರಸ್ತೆ ಜಾರ್ತಿದೆ ಅತ್ತೆ.”

“ರಸ್ತೆ ಮೇಲೆ ಹಾಕು ತಪ್ಪನ್ನ,” ಅಂದರು ಓಮಾ. ಮುಂದಿನ ತಿರುವಿನಲ್ಲೂ ಅವರಿಗೆ ಸಮಾಧಾನವಾಗಲಿಲ್ಲ.